ಹೊಳೆದಂಡೆಯ ಹೊಂಡ ಕಾಣೆಯಾದ ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಗುತ್ತಿಗೆದಾರ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದ:

“ಮೇಡಂ, ನನ್ನ ಹೊಂಡ ಕಳುವಾಗಿದೆ.”

ಇನ್‌ಸ್ಪೆಕ್ಟರ್ ಪೆನ್ನು ಹಿಡಿದಿದ್ದ ಕೈಯನ್ನು ತಡೆದರು. “ಹೊಂಡದಲ್ಲಿದ್ದದ್ದು ಏನು ಕಳುವಾಯಿತು?”

“ಹೊಂಡವೇ.”

ಹೊಳೆದಂಡೆಯ ಜಲ್ಲಿ ಅಗೆದು, ತೊಳೆದು, ಚಿನ್ನದ ಕಣ ಹೆಕ್ಕಲು ಆತನಿಗೆ ಸರ್ಕಾರದ ಪರವಾನಗಿಯಿತ್ತು. ಹೊಂಡ ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಗಲ, ಒಂಬತ್ತು ಆಳ. ನಾದಿನಿಯ ಮದುವೆಗೆಂದು ಹೆಂಡತಿಯ ತವರಿಗೆ ಹೋಗಿದ್ದ. ಎಂಟು ದಿನ ಬಿಟ್ಟು ಬಂದು ನೋಡಿದರೆ ನೆಲ ಸಪಾಟು.

“ಮೇಲೆ ಹಸಿರು ಬೇರೆ ಚಿಗುರಿದೆ, ಅಣಕಿಸೋ ಹಾಗೆ. ಚಿನ್ನ ಸಿಗೋದೇ ತಳದ ಒಂದಡಿಯಲ್ಲಿ ಮೇಡಂ. ಅದನ್ನೇ ಹೂತುಬಿಟ್ಟಿದ್ದಾರೆ!”

ದಫೇದಾರ ತಲೆ ಕೆರೆದುಕೊಂಡ. “ಯಾವ ಕಲಂ ಹಾಕೋದು ಮೇಡಂ?”

“ಅತಿಕ್ರಮ ಪ್ರವೇಶ, ಅನುಮತಿಯಿಲ್ಲದೆ ಯಂತ್ರದ ಬಳಕೆ, ನಷ್ಟ. ಎಫ್‌ಐಆರ್ ಬರೆಯಿರಿ. ‘ಹೊಂಡ ಕಳವು’ ಅಂತ ಮಾತ್ರ ಬರೀಬೇಡಿ, ಮೇಲಿನವರು ನಗ್ತಾರೆ.”

ಹನ್ನೊಂದು ಮುಕ್ಕಾಲಿಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಹೊಂಡವಿದ್ದ ಜಾಗ ಈಗ ಹೊಳೆಯ ಕಡೆಗೆ ಹದವಾಗಿ ಇಳಿಜಾರಾಗಿತ್ತು. ತೊಳೆದ ಕೆಸರುನೀರು ನೇರ ಹೊಳೆಗೆ ಹರಿಯುತ್ತಿದ್ದ ಕಾಲುವೆಗೂ ಅಡ್ಡಲಾಗಿ ಕಲ್ಲಿನ ಕಟ್ಟೆ ಹಾಕಲಾಗಿತ್ತು. ಪೇದೆ ಒಂದು ಮೂಲೆಯಲ್ಲಿ ಗುದ್ದಲಿಯಿಂದ ಅಗೆದು ನೋಡಿದ.

“ಮೇಲೆ ಒಂದಡಿ ಕಪ್ಪು ಮಣ್ಣು, ಆಮೇಲೆ ಜಲ್ಲಿ, ಕೆಳಗೆ ದಪ್ಪ ಕಲ್ಲು,” ಎಂದ ದಫೇದಾರ. ಆತ ರೈತರ ಮನೆಯವನು. “ದ್ವೇಷಕ್ಕೆ ಮುಚ್ಚಿದವರು ಇಷ್ಟು ಅಚ್ಚುಕಟ್ಟಾಗಿ ಮುಚ್ಚಲ್ಲ ಮೇಡಂ. ಮೊಳಕೆ ನೋಡಿ, ಬೀನ್ಸು. ಗೇಣಿಗೆ ಎರಡು ಕಾಳು, ಒಂದು ಸಾಲೂ ಸೊಟ್ಟ ಇಲ್ಲ. ಯಾರೋ ಮನೆತನಸ್ಥರ ಕೈ ಇದು.”

ಇನ್‌ಸ್ಪೆಕ್ಟರ್ ಪರವಾನಗಿಯ ಹಾಳೆ ತಿರುವಿದರು. “ತೆರೆದ ಹೊಂಡವನ್ನು ಆರು ತಿಂಗಳೊಳಗೆ ಮುಚ್ಚಿ, ಮೇಲ್ಮಣ್ಣು ಹರಡಿ, ಬಿತ್ತನೆ ಮಾಡತಕ್ಕದ್ದು ಅಂತಿದೆ. ತೆರೆದು ಎಷ್ಟಾಯ್ತು?”

“ಎರಡು ವರ್ಷ. ಮಾಡೋಣ ಅಂತಲೇ ಇದ್ದೆ ಮೇಡಂ.”

“ಯಾರೋ ಪುಣ್ಯಾತ್ಮರು ಮಾಡಿಕೊಟ್ಟಿದ್ದಾರೆ.” ಪಂಚರಲ್ಲೊಬ್ಬ ಕೆಮ್ಮಿದಂತೆ ಮಾಡಿ ನಗು ನುಂಗಿದ.

ಗುತ್ತಿಗೆದಾರನ ಜೆಸಿಬಿ ಶೆಡ್ಡಿನಲ್ಲೇ ಇತ್ತು. ಬೀಗ ಒಡೆದಿರಲಿಲ್ಲ, ಡೀಸೆಲ್ ಮಾತ್ರ ತಳ ಕಂಡಿತ್ತು. ಚಾಲಕ ಸೊಂಟ ಹಿಡಿದು ಹತ್ತು ದಿನದಿಂದ ಆಸ್ಪತ್ರೆಯಲ್ಲಿ ಮಲಗಿದ್ದ. ದಫೇದಾರ ಅಲ್ಲಿಗೇ ಹೋಗಿ ಕೇಳಿದ.

“ಕೀ ಎಲ್ಲಿಡ್ತೀಯ?”

“ಸಾಹುಕಾರರ ಅಡುಗೆಮನೆ ಬಾಗಿಲ ಹಿಂದೆ, ಮೊಳೆಗೆ.”

ಎದುರು ದಂಡೆಯ ಮೀನುಗಾರ ಎರಡು ಗಂಟೆಗೆ ಹೇಳಿಕೆ ಕೊಟ್ಟ. ಹಿಂದಿನ ಸೋಮವಾರದಿಂದ ಮೂರು ದಿನ, ಹಾಡುಹಗಲೇ ಕೆಲಸ ನಡೆದಿತ್ತು.

“ಯಾರು ಓಡಿಸ್ತಿದ್ರು?”

“ಮುಖ ಕಾಣ್ಲಿಲ್ಲ, ಟವೆಲ್ ಸುತ್ಕೊಂಡಿದ್ರು. ಹಾಡು ಹೇಳ್ಕೊಂಡೇ ಓಡಿಸೋರು. ರಿವರ್ಸ್ ತೆಗೆಯೋವಾಗ ಮಾತ್ರ ಹಾಡು ನಿಲ್ತಿತ್ತು.”

“ದನಿ?”

“ಹೆಂಗಸಿಂದು. ಸ್ವಲ್ಪ ವಯಸ್ಸಾದ ದನಿ.”

ಮೂರೂವರೆಗೆ ಜೀಪು ಗುತ್ತಿಗೆದಾರನ ಮನೆ ಮುಂದೆ ನಿಂತಿತು. ಆತನ ತಾಯಿ, ಅರವತ್ತನಾಲ್ಕರ ವಿಧವೆ, ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಇನ್‌ಸ್ಪೆಕ್ಟರ್ ಸುತ್ತಿ ಬಳಸಲಿಲ್ಲ.

“ಅಮ್ಮಾ, ಜೆಸಿಬಿ ಓಡಿಸೋಕೆ ಬರುತ್ತಾ?”

“ಇಪ್ಪತ್ತೆರಡು ವರ್ಷ ಟ್ರಾಕ್ಟರ್ ಓಡಿಸಿದ್ದೀನಮ್ಮಾ. ಇದಕ್ಕೆ ಎರಡು ಕೈ ಜಾಸ್ತಿ, ಅಷ್ಟೇ.”

“ಅಮ್ಮಾ!” ಎಂದ ಮಗ.

“ಏನೋ ಅಮ್ಮಾ? ಆರು ತಿಂಗಳಲ್ಲಿ ಮುಚ್ತೀನಿ ಅಂದವನು ನೀನೇ ತಾನೇ? ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು.”

ಮಗನ ಮುಖ ಸಣ್ಣದಾಯಿತು. ದೂರು ವಾಪಸ್ ತಗೊಳ್ತೀನಿ ಎಂದು ಗೋಗರೆದ.

“ಎಫ್‌ಐಆರ್ ಆಗಿದೆ, ಹರಿದುಹಾಕೋಕೆ ಬರಲ್ಲ. ಕೋರ್ಟಿನಲ್ಲಿ ರಾಜಿ ಮಾಡ್ಕೊಳ್ಳಿ. ಠಾಣೆಯಲ್ಲೇ ಜಾಮೀನು ಸಿಗೋ ಕೇಸು, ಗಾಬರಿ ಬೇಡ.”

ನಾಲ್ಕು ಹತ್ತಕ್ಕೆ ಬಂಧನವಾಯಿತು. ತಾಯಿ ಸೀರೆ ಬದಲಿಸಿ, ತಲೆ ಬಾಚಿಕೊಂಡು, ಜೀಪಿನ ಮುಂದಿನ ಸೀಟಿನಲ್ಲೇ ಕೂತರು. ಇನ್‌ಸ್ಪೆಕ್ಟರ್ ಹಿಂದಿನ ಸೀಟಿಗೆ ಹತ್ತಿದರು.

ಠಾಣೆಯಲ್ಲಿ ದಫೇದಾರ ನಮೂನೆ ತುಂಬುತ್ತಾ ಕೇಳಿದ: “ಬಂಧನದ ವಿಷಯ ಯಾವ ಸಂಬಂಧಿಕರಿಗೆ ತಿಳಿಸಬೇಕು? ನಿಮ್ಮ ಮಗ ದೂರುದಾರ, ಬೇರೆಯವರನ್ನ ಹೇಳಿ.”

ಆಕೆ ಫೋನ್ ನಂಬರನ್ನು ಬಾಯಿಪಾಠದಂತೆ ಹೇಳಿದರು. “ನನ್ನ ತಂಗಿ. ಹೊಳೆಯ ಕೆಳಗಡೆ, ದಂಡೆಯಲ್ಲೇ ಮನೆ. ನಮ್ಮ ಕೆಸರೆಲ್ಲ ಅವಳ ಬಾವಿಗೆ ಇಳೀತು. ಒಂದೂವರೆ ವರ್ಷದಿಂದ ನನ್ನ ಫೋನ್ ಎತ್ತಿಲ್ಲ. ಪೊಲೀಸರು ಮಾಡಿದ್ರೆ ಎತ್ತುತ್ತಾಳೆ.”

ಇನ್‌ಸ್ಪೆಕ್ಟರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. “ಅದಕ್ಕೇನಾ ಮುಚ್ಚಿದ್ದು?”

“ಯಾವ ಮುಖ ಇಟ್ಕೊಂಡು ಅವಳ ಮನೆ ಬಾಗಿಲಿಗೆ ಹೋಗಲಿ? ಮೊದಲು ಅವಳ ನೀರು ತಿಳಿಯಾಗಬೇಕಿತ್ತು.”

ಎರಡನೇ ರಿಂಗಿಗೇ ತಂಗಿ ಫೋನ್ ಎತ್ತಿದಳು. ವಿಷಯ ಕೇಳಿ ಕಿರುಚಿದ್ದಕ್ಕೆ ದಫೇದಾರ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದ. ಐದೂ ಇಪ್ಪತ್ತೈದಕ್ಕೆ ಆಟೋದಲ್ಲಿ ಬಂದಿಳಿದವಳು ಅಕ್ಕನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಈ ವಯಸ್ಸಲ್ಲಿ ಜೆಸಿಬಿ ಹತ್ತಿದ್ಯಾ? ಬುದ್ಧಿ ನೆಟ್ಟಗಿದೆಯಾ ನಿನಗೆ?”

“ಬಾವಿ ನೀರು ಹೇಗಿದೆಯೇ?”

ತಂಗಿ ಸೊಂಟದ ಮೇಲಿನ ಕೈ ಇಳಿಸಿದಳು. “ನಾಲ್ಕು ದಿನದಿಂದ ತಿಳಿಯಾಗಿ ತಳ ಕಾಣ್ತಾ ಇದೆ. ಯಾಕೆ ಅಂತಲೇ ಗೊತ್ತಾಗಿರಲಿಲ್ಲ ಕಣೇ ಅಕ್ಕಾ.” ಅಷ್ಟು ಹೇಳಿ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತಳು. ಜಾಮೀನು ಪತ್ರಕ್ಕೆ ಸಹಿ ಹಾಕಲು ಪೇದೆ ಮೂರು ಸಲ ಕರೆಯಬೇಕಾಯಿತು. ಇಬ್ಬರಿಗೂ ಮಾತು ಮುಗಿಯುತ್ತಿರಲಿಲ್ಲ.

ಆರು ಗಂಟೆಗೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದು ಬರೆದರು: “ಆರೋಪಿಯು ತಪ್ಪೊಪ್ಪಿಕೊಂಡಿದ್ದಾರೆ. ಪ್ರೇರಣೆ: ತಂಗಿಯೊಡನೆ ಮತ್ತೆ ಮಾತಾಡಬೇಕೆಂಬ ಆಸೆ.”