ತಾತನ ಒಂದು ಬೆಲ್

"ಇಬ್ರೂ ಸ್ವಲ್ಪ ಸುಮ್ನಿರಿ. ಅವರನ್ನೇ ಕೇಳೋಣ," ಎಂದರು ಡಾಕ್ಟರಮ್ಮ.

ಅಪ್ಪ, ಅತ್ತೆ ಬಾಯಿ ಮುಚ್ಚಿದರು. ಅಲ್ಲಿಯವರೆಗೂ ತಾತನ ಮಕ್ಕಳಿಬ್ಬರೂ ಮಂಚದ ಆಚೆ ಒಬ್ಬರು, ಈಚೆ ಒಬ್ಬರು ನಿಂತು ಕಿತ್ತಾಡುತ್ತಿದ್ದರು. ಮತ್ತೆ ಉಸಿರು ಕಟ್ಟಿದರೆ ತಾತನನ್ನು ಆಸ್ಪತ್ರೆಗೆ ಸೇರಿಸಿ ಗಂಟಲಿಗೆ ಪೈಪ್ ಹಾಕಿಸಲೇಬೇಕು ಎಂದು ಅಪ್ಪನ ಹಟ. ಹೋದ ಸಲ ಪೈಪ್ ಕಿತ್ತುಕೊಳ್ಳಬಾರದೆಂದು ತಾತನ ಕೈ ಕಟ್ಟಿಹಾಕಿದ್ದರು, ಮತ್ತೆ ಆ ಹಿಂಸೆ ಬೇಡವೇ ಬೇಡ ಎಂದು ಅತ್ತೆ.

ತಾತನಿಗೆ ಮಾತು ನಿಂತುಹೋಗಿತ್ತು, ತಲೆ ಮಾತ್ರ ಚುರುಕಾಗಿಯೇ ಇತ್ತು. ಬಸ್ ಕಂಡಕ್ಟರ್ ಆಗಿದ್ದವರಲ್ಲವೇ, ಈಗಲೂ ಬೆಲ್ ಹೊಡೆಯುತ್ತಿದ್ದರು, ಕೈ ಹಿಡಿದವರ ಅಂಗೈಗೆ ಎಡಗೈ ಬೆರಳು ಒತ್ತಿ. ಒಮ್ಮೆ ಒತ್ತಿದರೆ ಸ್ಟಾಪ್, ಅಂದರೆ ಬೇಡ, ಅಲ್ಲ. ಎರಡು ಸಲ ಒತ್ತಿದರೆ ರೈಟ್, ಅಂದರೆ ಹೂಂ. ಆ ಮೆಲ್ಲನೆಯ ಒತ್ತು ಮೊಮ್ಮಗಳಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳಿಗೆ ತಾತ ಇಟ್ಟಿದ್ದ ಹೆಸರು ಅರ್ಧ ಟಿಕೆಟ್.

"ಇಷ್ಟು ದೊಡ್ಡ ಮಾತಿಗೆ ಮಗುನ ಎಳೀಬೇಕಾ?" ಎಂದರು ಡಾಕ್ಟರಮ್ಮ.

"ಏನ್ ಮಾಡೋದು, ಇವಳೊಬ್ಬಳಿಗೇ ಗೊತ್ತಾಗೋದು," ಎಂದರು ಅತ್ತೆ.

ಅರ್ಧ ಟಿಕೆಟ್ ತಾತನ ಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡಳು.

"ಯಜಮಾನ್ರೇ, ನೀವು ಪೈಲಟ್ ಆಗಿದ್ರಾ?" ಎಂದು ಡಾಕ್ಟರಮ್ಮ ಮೊದಲು ಪರೀಕ್ಷೆಗೆ ಕೇಳಿದರು.

"ಒಂದು," ಎಂದಳು ಅವಳು. ತಾತನ ಬಾಯಿ ಓರೆಯಾಗಿ ನಕ್ಕಿತು.

"ಮತ್ತೆ ಉಸಿರಾಟ ಕಷ್ಟ ಆದ್ರೆ ಪೈಪ್ ಹಾಕ್ಲಾ? ಹಾಕ್ದಿದ್ರೆ ನೀವು ಉಳಿಯೋದು ಕಷ್ಟ. ಆದ್ರೆ ನೋವಾಗ್ದ ಹಾಗೆ ಇಲ್ಲೇ ನೋಡ್ಕೋತೀನಿ."

ಬೆರಳು ಒಮ್ಮೆ ಒತ್ತಿತು. ಎರಡನೆಯದಕ್ಕೆ ಅವಳು ಕಾದಳು. ಬರಲಿಲ್ಲ. ಹಾಗಾದರೆ ತಾತ ಸತ್ತೇಹೋಗುತ್ತಾರೆ.

"ಎರಡು," ಎಂದುಬಿಟ್ಟಳು.

"ನಾನು ಹೇಳ್ಲಿಲ್ವಾ," ಎಂದು ಅಪ್ಪ ಉಸಿರು ಬಿಟ್ಟರು. ಅತ್ತೆ ಮುಖ ತಿರುಗಿಸಿದರು.

ತಾತ ಅವಳನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಬೆರಳು ಮತ್ತೆ ಒತ್ತಿತು, ಒಂದೇ ಸಲ. ಸ್ವಲ್ಪ ಬಿಟ್ಟು ಮತ್ತೆ ಒಂದೇ ಸಲ. ಆಸ್ಪತ್ರೆಯಲ್ಲಿ ಈ ಕೈಯನ್ನೂ ಕಟ್ಟಿಹಾಕುತ್ತಾರೆ, ಆಗ ತಾತ ಬೇಡ ಎಂದರೆ ಯಾರಿಗೆ ತಿಳಿಯುತ್ತದೆ? ಅವಳಿಗೆ ಅಳು ಬಂತು.

"ನಾನು ಸುಳ್ಳು ಹೇಳ್ದೆ," ಎಂದಳು. "ಒಂದೇ."

"ನಿಂಗೇನು ಗೊತ್ತಾಗುತ್ತೆ? ಸರಿ ಆ ಕಡೆ." ಅಪ್ಪ ತಾತನ ಕೈಯನ್ನು ಎರಡೂ ಕೈಗಳಿಂದ ಹಿಡಿದರು. "ಹೇಳಿ ಅಪ್ಪಾ, ಪೈಪ್ ಹಾಕಿಸ್ಲಾ?"

ಎಲ್ಲರೂ ಕಾದರು.

"ಏನೂ ಹೇಳ್ತಿಲ್ಲ. ನಂಗೆ ಏನೂ ಹೇಳ್ತಾನೇ ಇಲ್ಲ." ಅಪ್ಪ ಹಿಡಿತ ಇನ್ನೂ ಬಿಗಿ ಮಾಡಿದರು.

ಅವಳು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು. "ಇಷ್ಟು ಗಟ್ಟಿ ಹಿಡಿದ್ರೆ ಗೊತ್ತಾಗಲ್ಲಪ್ಪ. ಕೆಳಗಡೆ ಸುಮ್ನೆ ಕೈ ಇಡು."

ಅಪ್ಪ ಅಂಗೈ ಬಿಚ್ಚಿ ತಾತನ ಕೈಯ ಕೆಳಗೆ ಇಟ್ಟರು. ಮತ್ತೆ ಮೆಲ್ಲಗೆ ಕೇಳಿದರು.

ಅರ್ಧ ಟಿಕೆಟ್ ಕೈ ನೋಡಲಿಲ್ಲ, ಅಪ್ಪನ ಮುಖ ನೋಡಿದಳು. ಬೆರಳು ಒತ್ತಿದ್ದು ಅಲ್ಲೇ ತಿಳಿಯಿತು. ಅಪ್ಪ ಉಸಿರು ಹಿಡಿದು ಎರಡನೆಯದಕ್ಕೆ ಕಾಯುತ್ತಿದ್ದರು, ಆಗ ಅವಳು ಕಾದ ಹಾಗೆಯೇ.

ಅವಳು ಹೋಗಿ ಅಪ್ಪನಿಗೆ ಒರಗಿ ನಿಂತಳು.