ಬೀಳದ ಆಲಿಕಲ್ಲು

ಹವಾಮಾನ ಕಚೇರಿಯ ಉಗ್ರಾಣದಲ್ಲಿ ಯುವ ವಿಜ್ಞಾನಿ ಥರ್ಮಾಕೋಲ್ ಹಲಗೆಗಳಿಗೆ ಹೊಸ ಫಾಯಿಲ್ ಸುತ್ತುತ್ತಿದ್ದಳು. ಬಯಲಲ್ಲಿಟ್ಟ ಹಲಗೆಯ ಮೇಲೆ ಆಲಿಕಲ್ಲು ಬಿದ್ದರೆ ಗುಳಿ ಮೂಡುತ್ತದೆ. ಗುಳಿ ಅಳೆದರೆ ಕಲ್ಲಿನ ಗಾತ್ರ ತಿಳಿಯುತ್ತದೆ. ದಕ್ಷಿಣದ ಹಲಗೆ ಕೈಗೆ ಬಂತು. ಅದರ ಅಳತೆಯನ್ನು ವರದಿಯಲ್ಲಷ್ಟೇ ಓದಿದ್ದಳು. ಈಗ ಬೆರಳಾಡಿಸಿದಳು. ತಕ್ಷಣ ಫೋನ್ ತೆಗೆದಳು.

"ಚಿಕ್ಕಮ್ಮಾ, ಇಲ್ಲಿ ಯಾರೋ ಮೋಸ ಮಾಡಿದಾರೆ."

ಚಿಕ್ಕಮ್ಮ ಪೊಲೀಸ್ ಇನ್‌ಸ್ಪೆಕ್ಟರ್. "ಯಾರದಾದ್ರೂ ತಲೆ ಒಡೆದಿದೆಯಾ?"

"ನನ್ನ ಮಾಡೆಲ್‌ದು."

*

ಆಲಿಕಲ್ಲು ಮೋಡದೊಳಗೆ ಬೆಳೆಯುವುದನ್ನೂ ಬೀಳುತ್ತಾ ಕರಗುವುದನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾಡೆಲ್ ಅವಳದು. ಕಳೆದ ಬಿರುಗಾಳಿಗೆ ಅದು ಹೇಳಿದ್ದಿಷ್ಟು: ಊರಿನ ಉತ್ತರಕ್ಕೆ ಆಲಿಕಲ್ಲು, ದಕ್ಷಿಣಕ್ಕೆ ಬರೀ ಮಳೆ. ಆದರೆ ವರದಿಯಲ್ಲಿ ದಕ್ಷಿಣದ ಹಲಗೆಯ ತುಂಬ ಗುಳಿ! ಮಾಡೆಲ್ ಬಳಕೆಗೆ ಬರಲೆಂದು ಮುನ್ನೆಚ್ಚರಿಕೆ ಕೇಂದ್ರಕ್ಕೆ ಬರೆದಿದ್ದ ಪತ್ರವನ್ನು ಕಚೇರಿಯ ಮುಖ್ಯಸ್ಥರು ಸಹಿ ಹಾಕದೆ ತಡೆಹಿಡಿದಿದ್ದರು. ಆಲಿಕಲ್ಲಿನ ಕಾಲ ಆಗಲೇ ಶುರುವಾಗಿತ್ತು.

"ನಿನ್ನ ಮಾಡೆಲ್ ಬಂದ್ರೆ ಯಾರಿಗೆ ಹೊಟ್ಟೆಯುರಿ?" ಕಚೇರಿಗೆ ಬಂದ ಚಿಕ್ಕಮ್ಮ ಕೇಳಿದರು.

"ಹಳೇ ಮಾಡೆಲ್ ಕಟ್ಟಿದವರು ಮೋಡಪ್ಪ. ಅದು ನಾವಿಟ್ಟ ಅಡ್ಡಹೆಸರು, ಅವರಿಗೂ ಗೊತ್ತು."

ಮೋಡಪ್ಪನವರು ಇನ್‌ಸ್ಪೆಕ್ಟರನ್ನು ಕಂಡು ನಕ್ಕರು. "ಹಿಡ್ಕೊಂಡು ಹೋಗೋಕೆ ಬಂದ್ರಾ ತಾಯಿ? ನನ್ನ ಮಾಡೆಲ್ ಎರಡೂ ಕಡೆ ಆಲಿಕಲ್ಲು ಅಂದಿತ್ತು. ಅದನ್ನ ನಾನೇ ನಂಬೋದು ಬಿಟ್ಟು ಬಹಳ ದಿನ ಆಯ್ತು."

*

ಚಿಕ್ಕಮ್ಮ, ವಿಜ್ಞಾನಿ ಇಬ್ಬರೂ ಊರಿನ ದಕ್ಷಿಣಕ್ಕೆ ಹೋದರು. ಹಲಗೆ ಇಡುವ ಕಂಬದ ಪಕ್ಕದಲ್ಲೇ ಹೂಗಿಡಗಳ ನರ್ಸರಿ. ಗಾಜಿನ ಛಾವಣಿಯಲ್ಲಿ ಬಿರುಕಿಲ್ಲ. ಹೊರಗಿನ ಅಗಲ ಎಲೆಗಳಲ್ಲಿ ತೂತಿಲ್ಲ.

"ಆ ಬಿರುಗಾಳಿ ಆದ್ಮೇಲೆ ಗಾಜು ಬದಲಾಯಿಸಿದ್ರಾ?" ಚಿಕ್ಕಮ್ಮ ಕೇಳಿದರು.

"ಒರೆಸೋಕೇ ಪುರುಸೊತ್ತಿಲ್ಲ, ಬದಲಾಯಿಸೋದೆಲ್ಲಿ ಬಂತಮ್ಮಾ!" ಎಂದ ಮಾಲಿ.

*

ಮುಖ್ಯಸ್ಥರ ಮೇಜಿನ ಮೇಲೆ ಎರಡು ಹಲಗೆ. ಸುತ್ತಲೂ ಎಲ್ಲರೂ ನಿಂತಿದ್ದರು.

"ಉತ್ತರದ್ದು ನೋಡಿ," ಎಂದರು ಚಿಕ್ಕಮ್ಮ. "ಗುಳಿಗಳು ಉದ್ದುದ್ದ, ಎಲ್ಲಾ ಒಂದೇ ಕಡೆಗೆ ಓರೆ. ಅವತ್ತು ಗಾಳಿ ಇತ್ತಲ್ಲ. ಸಣ್ಣವೂ ಇವೆ, ದೊಡ್ಡವೂ ಇವೆ. ದಕ್ಷಿಣದ್ದು? ಎಲ್ಲಾ ದುಂಡಗೆ, ಒಂದೇ ಅಳತೆ. ಆಕಾಶ ಇಷ್ಟು ಅಚ್ಚುಕಟ್ಟಲ್ಲ ಸಾರ್. ಇದು ಗೋಲಿ ಒತ್ತಿದ್ದು. ಮಳೆಯ ಕಲೆಯೂ ಇಲ್ಲ. ಹಲಗೆ ಹೊರಗೇ ಹೋಗಿಲ್ಲ. ಅದನ್ನ ಮುಚ್ಚಿಡಬೇಕಾದವರು ಯಾರು? ಹೊರಗಿಡಬೇಕಾಗಿದ್ದವರು. ಅಲ್ವೇನಪ್ಪಾ?"

ಹಲಗೆ ಇಡುವ ತಂತ್ರಜ್ಞನ ಮುಖ ಬಿಳಿಚಿತು. "ಅವತ್ತು ಹೆಂಡತಿಗೆ ಹೆರಿಗೆ ನೋವು. ದಕ್ಷಿಣದ್ದು ಇಡೋದೇ ಮರೆತೆ. ಉತ್ತರದ ಆಸ್ಪತ್ರೆ ಹತ್ರ ಕಲ್ಲು ಸುರೀತಿತ್ತು. ಎಲ್ಲಾ ಕಡೆ ಬಿದ್ದಿರತ್ತೆ, ಖಾಲಿ ಹಲಗೆ ಕೊಟ್ರೆ ಸಿಕ್ಕಿಬೀಳ್ತೀನಿ ಅಂತ..."

"ಖಾಲಿ ಕೊಟ್ಟಿದ್ರೇ ಸಿಕ್ಕಿಬೀಳ್ತಿರಲಿಲ್ಲ ಅಣ್ಣಾ!" ವಿಜ್ಞಾನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಬಿದ್ದಿಲ್ಲ ಅನ್ನೋದೂ ಒಂದು ಅಳತೆಯೇ. ಆ ಸೊನ್ನೆಗೇ ನಾನು ಕಾಯ್ತಿದ್ದೆ."

"ಮಗು?" ಮೋಡಪ್ಪ ಕೇಳಿದರು.

"ಹೆಣ್ಣು ಸಾರ್. ಚೆನ್ನಾಗಿದಾಳೆ."

"ಶಿಸ್ತು ಕ್ರಮ ತಪ್ಪಲ್ಲ," ಎಂದರು ಮುಖ್ಯಸ್ಥರು. ಆಮೇಲೆ ದನಿ ತಗ್ಗಿಸಿ, "ನರ್ಸರಿಯ ಗಾಜು ಹೇಳೋದನ್ನೇ ಮಾಡೆಲ್ಲೂ ಹೇಳಿತ್ತು. ಪತ್ರ ನಾಳೆ ನೋಡೋಣ" ಎಂದರು.

"ಇವತ್ತೇ ನೋಡಿ," ಎಂದು ಮೋಡಪ್ಪ ಪೆನ್ನು ಮುಂದಿಟ್ಟರು. ಮುಖ್ಯಸ್ಥರ ಸಹಿಯ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. "ಹಳೇ ಮಾಡೆಲ್ ನಿಲ್ಲಿಸಬಹುದು" ಎಂದು ಪಕ್ಕದಲ್ಲಿ ಬರೆದರು.

ವಿಜ್ಞಾನಿ ಲಕೋಟೆ ಅಂಟಿಸಿದಳು. ಟಪಾಲಿನವನು ಆಗಲೇ ಮೆಟ್ಟಿಲಿಳಿದಿದ್ದ. ಅವಳು ಚಪ್ಪಲಿ ಮೆಟ್ಟುವುದನ್ನೂ ಬಿಟ್ಟು ಓಡಿ, ಗೇಟಿನ ಬಳಿ ಅವನ ಚೀಲದೊಳಗೆ ಪತ್ರ ಹಾಕಿದಳು.