ಕೋಟಿನ ಅಂಚು

"ಕತ್ತರಿ ಯಾಕೋ ತಂದಿದೀಯ? ಒಳಗಿಡು!"

ಅತ್ತೆ ಇಷ್ಟು ಹೇಳಿದ್ದೂ ಮಗನಿಗೆ, ಸೊಸೆಗಲ್ಲ. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕಿಟಕಿಯ ಪಕ್ಕ ಕೂತಿದ್ದ ಅವರ ಮಣಿಕಟ್ಟಿನಲ್ಲಿ ಆ ಹಳದಿ ಪಟ್ಟಿ ಇನ್ನೂ ಹಾಗೇ ಇತ್ತು. ಅಪಘಾತದ ದಿನ ಕಟ್ಟಿದ್ದು. ಅಂಚು ಸವೆದು ಮಾಸಿದ್ದರೂ ಸ್ನಾನಕ್ಕೂ ತೆಗೆಯಲು ಬಿಟ್ಟಿರಲಿಲ್ಲ.

"ಅಮ್ಮ, ಗಲೀಜಾಗಿದೆ ಅದು..."

"ಇರಲಿ ಬಿಡು ಅಂದ್ನಲ್ಲ!"

ಅಷ್ಟೇ. ಮುಖ ಕಿಟಕಿಯತ್ತ ತಿರುಗಿತು. ಬೀದಿಯವರೆಲ್ಲ ಬೆನ್ನ ಹಿಂದೆ 'ಸೈರನ್' ಎಂದು ಕರೆಯುತ್ತಿದ್ದ ಹೆಂಗಸು ಇವರು! ಮಹಡಿಯಿಂದ ಹಾಲಿನವನನ್ನು ಕೂಗಿದರೆ ಆಚೆ ಬೀದಿಯ ನಾಯಿ ಎದ್ದು ಕೂರುತ್ತಿತ್ತು. "ಗಾಡೀಲೊಂದು ಸೈರನ್, ಮನೇಲೊಂದು ಸೈರನ್, ನಿನ್ನ ಕಿವಿ ಬಲು ಗಟ್ಟಿ ಕಣೇ" ಎಂದು ಅತ್ತೆಯೇ ಸೊಸೆಯನ್ನು ಛೇಡಿಸುತ್ತಿದ್ದರು.

ಸೊಸೆಯ ಕೆಲಸ ಆಂಬುಲೆನ್ಸಿನಲ್ಲಿ. ಅಂದು ಸೇತುವೆಯ ತಿರುವಿನಲ್ಲಿ ಬಸ್ಸು ಮಗುಚಿದಾಗ ಮೊದಲು ತಲುಪಿದ ಗಾಡಿ ಅವಳದೇ. ಮೊದಲು ತಲುಪಿದವರು ಒಬ್ಬರ ಬಳಿಯೇ ಕೂರುವ ಹಾಗಿಲ್ಲ. ಪ್ರತಿಯೊಬ್ಬರ ಉಸಿರು, ನಾಡಿ, ಎಚ್ಚರ ನೋಡಿ, ಕೈಗೆ ಬಣ್ಣದ ಪಟ್ಟಿ ಕಟ್ಟಿ ಮುಂದೆ ಹೋಗಬೇಕು. ಕೆಂಪಿನವರಿಗೆ ಮೊದಲ ಸರದಿ, ಹಳದಿಯವರು ಕಾಯಬಹುದು. ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ: "ಕೂಗ್ತಿದಾರೆ ಅಂದ್ರೆ ಉಸಿರಿದೆ. ಸುಮ್ಮನಿರೋರ ಹತ್ತಿರ ಮೊದಲು ಹೋಗಿ." ಊಟಕ್ಕೆ ಕೂತಾಗ ಇದನ್ನು ಕೇಳಿಸಿಕೊಂಡಿದ್ದ ಅತ್ತೆ, "ಹಾಗಾದ್ರೆ ನಾನು ನೂರು ವರ್ಷ ಬದುಕ್ತೀನಿ ಬಿಡು" ಎಂದು ನಕ್ಕಿದ್ದರು.

ಅಂದು ಆ ಬಸ್ಸಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದದ್ದು ಅತ್ತೆಯೇ. "ಮಗಳೇ! ಇಲ್ಲಿದೀನಿ ಕಣೇ! ನನ್ನ ಬಿಟ್ಟು ಹೋಗ್ಬೇಡ!..." ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು, ರಕ್ತ ಹರಿದಿರಲಿಲ್ಲ, ನಾಡಿ ಚೆನ್ನಾಗಿತ್ತು. ಸೊಸೆ ಹಳದಿಯನ್ನೇ ಕಟ್ಟಿದಳು. ಅತ್ತೆ ಅವಳ ಕೋಟಿನ ಅಂಚನ್ನು ಹಿಡಿದರು. ಬಿಡಲಿಲ್ಲ. ಆಚೆ ಸೀಟಿನ ಸಂದಿಯಲ್ಲಿ ಒಬ್ಬ ಹುಡುಗಿ ಕತ್ತು ಮುಂದಕ್ಕೆ ಬಾಗಿ, ಸದ್ದಿಲ್ಲದೆ ನೀಲಿಗಟ್ಟುತ್ತಿದ್ದಳು... ಸೊಸೆ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಜ್ವರದಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕಿದ ಬೆರಳುಗಳು! ತಾಯಿಯಿಲ್ಲದ ಅವಳ ತಲೆ ಬಾಚಿದ ಬೆರಳುಗಳು! ಬಿಡಿಸಿಕೊಂಡು, ತಿರುಗಿ ನೋಡದೆ ಹೋದಳು.

ಅಲ್ಲಿಂದೀಚೆಗೆ ಅತ್ತೆ ಅವಳೊಡನೆ ಒಂದು ಮಾತೂ ಆಡಿರಲಿಲ್ಲ.

ಕೋಪ ಇರಬೇಕು, ತಾನಾಗಿ ತಣ್ಣಗಾಗುತ್ತದೆ ಎಂದು ಸೊಸೆ ಕಾದಳು. ದಿಂಬು ಸರಿಮಾಡಿ, ಮಾತ್ರೆ ಇಟ್ಟು, ಕಳ್ಳಿಯ ಹಾಗೆ ಹೊರಟುಬಿಡುತ್ತಿದ್ದಳು. ರೇಗಾಡುವ ಗಂಡನನ್ನು ಸಮಾಧಾನ ಮಾಡುವುದರಲ್ಲೇ ಅವಳಿಗೆ ದಿನ ಕಳೆಯುತ್ತಿತ್ತು.

ಈಗಲೂ ಅವನು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ. "ನಿಮ್ಮಿಬ್ಬರ ಮಧ್ಯೆ ಅಡಕತ್ತರಿಗೆ ಸಿಕ್ಕ ಅಡಕೆ ಆಗಿದೀನಿ ನಾನು! ಮನೆಯವರನ್ನೇ ಬಿಟ್ಟು ಹೋಗು ಅನ್ನೋ ಕೆಲಸ ಯಾವ ಸೀಮೆ ಕೆಲಸ? ಬಿಟ್ಟಾಕು ಅದನ್ನ!"

"ಬಿಡ್ತೀನಿ," ಎಂದಳು ಸೊಸೆ, ಕೋಟಿಗೆ ತೋಳು ತೂರಿಸುತ್ತಾ. "ಇವತ್ತೇ ಹೇಳಿ ಬರ್ತೀನಿ. ಸರೀನಾ?"

ಅತ್ತೆಯ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. ಬಾಯಿ ತೆರೆಯಿತು, ಸ್ವರ ಹೊರಡಲಿಲ್ಲ.

ಸೊಸೆ ನಿಂತಲ್ಲೇ ನಿಂತಳು. ಬಿಳಿಚಿದ ತುಟಿ, ಮೇಲೆಮೇಲೆ ಆಡುವ ಉಸಿರು... ಇದು ಕೋಪವಲ್ಲ! ರಸ್ತೆಯಲ್ಲಿ ಇಂಥ ಮುಖಗಳನ್ನು ಅವಳು ಎಷ್ಟು ಕಂಡಿಲ್ಲ! ಇಷ್ಟು ದಿನ ಕೂಗುವ ಗಂಡನ ಬಳಿಗೆ ಓಡಿದ್ದಳು, ಸುಮ್ಮನಿದ್ದವರನ್ನು ಕಾಯಲು ಬಿಟ್ಟಿದ್ದಳು. ಊರಿಗೆಲ್ಲ ಹೇಳಿದ ಪಾಠವನ್ನು ಮನೆಯ ಹೊಸಿಲ ಒಳಗೆ ತಾನೇ ಮರೆತಿದ್ದಳು.

ಅವಳು ಮಂಡಿಯೂರಿ ಅತ್ತೆಯ ಕೈ ಹಿಡಿದಳು. "ಅತ್ತೆ, ಎಲ್ಲಿ ನೋವು?"

"ಆ ಹುಡುಗಿ..." ಅತ್ತೆ ಮಣಿಕಟ್ಟಿನ ಪಟ್ಟಿಯನ್ನು ನೋಡಿದರು. "ಹೋಗ್ಬಿಟ್ಲಾ?"

"ಯಾರು?"

"ನೀನು ಓಡಿದ್ಯಲ್ಲ, ಅವಳು! ಅವಳಿಗೆ ಉಸಿರು ಸಿಗ್ತಿಲ್ಲ ಅಂತ ನನಗೂ ಕಾಣ್ತಿತ್ತು ಕಣೇ... ಕಂಡ್ರೂ ನಿನ್ನ ಬಿಡ್ಲಿಲ್ಲ. ನೀನು ನನ್ನ ಬೆರಳು ಬಿಡಿಸೋ ಹೊತ್ತಿಗೆ ತಡ ಆಯ್ತೇನೋ... ಈ ಪಟ್ಟಿ ನೋಡಿದಾಗೆಲ್ಲ ಅದೇ. ಕೇಳೋಕೆ ಬಾಯಿ ಬರ್ಲಿಲ್ಲ. ಯಾವ ಮುಖ ಇಟ್ಕೊಂಡು ನಿನ್ನ ಹತ್ರ ಮಾತಾಡ್ಲಿ!"

"ಅಯ್ಯೋ ಅತ್ತೆ! ಬದುಕಿದಾಳೆ! ತಲೆಗೆ ಹೊಲಿಗೆ ಹಾಕೋಕೆ ಕೂದಲು ಯಾಕೆ ಕತ್ತರಿಸಿದ್ರಿ ಅಂತ ನಿನ್ನೆ ನರ್ಸ್ ಜೊತೆ ಜಗಳ ಆಡ್ತಿದ್ಲು!"

ಅತ್ತೆ ಕಣ್ಣರಳಿಸಿದರು. "ಜಗಳಾನಾ? ಜೋರಾಗಾ?"

"ಜೋರಾಗೇ. ಆದ್ರೂ ನಿಮ್ಮಷ್ಟಿಲ್ಲ."

ಅಳುವೋ ನಗುವೋ, ಇಬ್ಬರಿಗೂ ಒಟ್ಟಿಗೇ ಉಕ್ಕಿ ಬಂತು.

"ಕತ್ತರಿ ಎಲ್ಲೋ!" ಸೈರನ್ ಮತ್ತೆ ಮೊಳಗಿತು. ಕಣ್ಣ ಮುಂದಿನ ಕತ್ತರಿಯನ್ನು ಮಗ ಮನೆಯೆಲ್ಲ ಹುಡುಕಿದ.

ಪಟ್ಟಿ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಮೆತ್ತಗೆ ಇತ್ತು. ಸೊಸೆ ಅದನ್ನು ಹೆಬ್ಬೆರಳಿನಿಂದ ಸವರಿದಳು.

"ಕೆಲಸ ಬಿಟ್ರೆ ನೋಡು, ಕಾಲು ಮುರೀತೀನಿ."

"ಮೊದಲು ನಿಮ್ಮದು ಕೂಡ್ಲಿ ಅತ್ತೆ."

ಹೊರಗೆ ಆಂಬುಲೆನ್ಸಿನ ಹಾರ್ನ್ ಕೇಳಿತು. ಸೊಸೆ ಎದ್ದಳು. ಅತ್ತೆ ಅವಳ ಕೋಟಿನ ಅಂಚನ್ನು ಹಿಡಿದುಕೊಂಡರು, ಅಂದಿನ ಹಾಗೆಯೇ ಬಿಗಿಯಾಗಿ. ಸೊಸೆ ಅಲುಗಲಿಲ್ಲ, ಬಿಡಿಸಲೂ ಇಲ್ಲ. ಹಾರ್ನ್ ಮತ್ತೊಮ್ಮೆ... ಅತ್ತೆ ತಮ್ಮ ಬೆರಳುಗಳನ್ನು ತಾವೇ ಒಂದೊಂದಾಗಿ ಬಿಡಿಸಿಕೊಂಡರು.

"ಹೋಗು ಮಗಳೇ. ಅಲ್ಲಿ ಯಾರೋ ಸುಮ್ಮನೆ ಬಿದ್ದಿರ್ತಾರೆ."